ಮೊದಲು ಹೆಸರು, ಎರಡು ಸಲ

ಹೊನ್ನಾವರದ ಪೇಟೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಟೇಪ್ ರೆಕಾರ್ಡರು, ಟಿವಿ, ಮದುವೆ ಮನೆಯ ಮೈಕ್ ಸೆಟ್ಟು, ಏನು ಬಂದರೂ ಬಿಚ್ಚುತ್ತಿದ್ದೆ. ತೊಂಬತ್ತೆಂಟರ ಸುಮಾರಿಗೆ ಬೋಟಿನವರು ವಾಯರ್‌ಲೆಸ್ ಕೇಳಿಕೊಂಡು ಬರತೊಡಗಿದರು. ವಿಎಚ್‌ಎಫ್ ಎಂಬುದು ಅದರ ಸರಿಯಾದ ಹೆಸರು. ನಮ್ಮ ಕಡಲಿನಲ್ಲಿ ಅದನ್ನು ಹಾಗೆ ಕರೆದ ಒಬ್ಬನನ್ನೂ ನಾನು ಕಾಣಲಿಲ್ಲ.

ಅವರ ಜೊತೆ ನನಗೆ ದಿನಾ ಜಗಳ. ಎಲ್ಲರಿಗೂ ದೊಡ್ಡ ಸೆಟ್ಟೇ ಬೇಕು, ಪಕ್ಕದ ಬೋಟಿನವನಿಗಿಂತ ಒಂದು ವ್ಯಾಟಾದರೂ ಹೆಚ್ಚು ಬೇಕು. ಆಂಟೆನಾ ಮತ್ತು ತಂತಿಯ ಮಾತು ಬಂದರೆ ಮಾತ್ರ ಕೈ ಬಿಗಿ. ಟಿವಿಯ ಹಳೇ ಕೇಬಲ್ಲು ಅದೆ, ಅದನ್ನೇ ಎಳೆದುಬಿಡು ಅನ್ನುತ್ತಾರೆ. ನೀರಿನ ಮೇಲೆ ಮಾತು ದೂರ ಹೋಗುವುದು ಆಂಟೆನಾದ ಎತ್ತರದಿಂದ, ಸೆಟ್ಟಿನ ಮೈಕಟ್ಟಿನಿಂದಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ತಂತಿಯ ಜೋಡಣೆಗೆ ಟೇಪು ಸುತ್ತಿ ಮೇಣ ಬಳಿಯದಿದ್ದರೆ ಉಪ್ಪುಗಾಳಿ ಒಂದೇ ಮಳೆಗಾಲದಲ್ಲಿ ತಾಮ್ರವನ್ನು ತಿಂದು ಹಾಕುತ್ತದೆ. ಇದನ್ನೆಲ್ಲ ಒಂದೇ ಸಲಕ್ಕೆ ಕೇಳಿಸಿಕೊಂಡ ತಾಂಡೇಲ, ಅಂದರೆ ಬೋಟು ನಡೆಸುವವನು, ಒಬ್ಬನೇ, ಕಾಸರಕೋಡಿನ ಮಾದೇವ. ಸಣ್ಣ ಬೋಟು, ಸಣ್ಣ ಸೆಟ್ಟು, ಆದರೆ ಬೋಟಿನ ಕೂವೆಕಂಬದ ತುದಿಗೆ ಒಳ್ಳೆಯ ಆಂಟೆನಾ. ಆಗಿನಿಂದ ಅವನಿಗೂ ನನಗೂ ಗೆಳೆತನ.

ನಾನು ಹೇಳಬೇಕೆಂದಿರುವುದು ಅವನ ಹೆಂಡತಿ ಬಂಗಾರಿಯ ಕತೆ.

ಶರಾವತಿ ಕಡಲು ಸೇರುವ ಅಳವೆಯ ಬಾಯಲ್ಲಿ ಮರಳಿನ ದಿಬ್ಬ ಇದೆ. ಇವತ್ತು ಇಲ್ಲಿ, ಮುಂದಿನ ತಿಂಗಳು ಅಲ್ಲಿ. ಇಳಿತದ ಹೊತ್ತಿಗೆ ಪಡುಗಾಳಿ ಎದ್ದರೆ ದಿಬ್ಬದ ಮೇಲೆ ಅಲೆ ಒಡೆಯುತ್ತದೆ, ಅದಕ್ಕೆ ಸಿಕ್ಕಿದ ಬೋಟು ಮಗುಚಿ ಬೀಳುತ್ತದೆ. ಕೆಟ್ಟದ್ದೇನೆಂದರೆ ಹೊರಗಿನಿಂದ ಬರುವವನಿಗೆ ಅದು ಕಾಣುವುದಿಲ್ಲ. ಕಡಲ ಕಡೆಗೆ ಅಲೆ ಬೆನ್ನು ಮಾತ್ರ ತೋರಿಸುತ್ತದೆ. ನೊರೆ ಕಾಣುವುದು ದಡದಲ್ಲಿ ನಿಂತವರಿಗೆ. ಹಾಗಾಗಿ ಮೀನುಗಾರರ ಸೊಸೈಟಿಯವರು ಎರಡು ಸಾವಿರದ ಒಂದರಲ್ಲಿ ಅಳವೆಯ ಹತ್ತಿರದ ಶೆಡ್ಡಿನಲ್ಲಿ ಒಂದು ಸೆಟ್ಟು ಇಡಿಸಿದರು. ಕಂಬ ನೆಟ್ಟು, ಆಂಟೆನಾ ಏರಿಸಿ, ಬ್ಯಾಟರಿ ಜೋಡಿಸಿ ಕೊಟ್ಟವನು ನಾನು. ಹೊರಗಿನ ಬೋಟುಗಳಿಗೆ ಉತ್ತರ ಕೊಡಬೇಕಾದವನು ಕಾರ್ಯದರ್ಶಿ ಮಾಬ್ಲೇಶ್ವರ. ಅವನು ಒಂದು ವಾರ ಕೂತ. ಆಮೇಲೆ ಆಫೀಸಿನಲ್ಲಿ ಕೆಲಸ ಅದೆ ಎಂದು ಹೋದವನು ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ಬಂಗಾರಿ ಆ ಶೆಡ್ಡಿನ ಎದುರಿಗೇ ಮೀನು ಒಣಗಿಸುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ಒಂದು ಕಣ್ಣು ಕಾಗೆಗಳ ಮೇಲೆ, ಒಂದು ಕಣ್ಣು ಅಳವೆಯ ಮೇಲೆ. ಒಳಗೆ ಸೆಟ್ಟು ಕೂಗಿ ಕೂಗಿ ಸುಮ್ಮನಾಗುವುದನ್ನು ಮೂರು ದಿನ ಕೇಳಿದಳಂತೆ. ನಾಲ್ಕನೆಯ ದಿನ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಮೈಕು ಎತ್ತಿಕೊಂಡಳು. ಯಾರೂ ನೇಮಿಸಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ತಿಂಗಳೊಳಗೆ ತಾಂಡೇಲರೆಲ್ಲ, ಅಳವೆ ಹ್ಯಾಂಗದೆ ಬಂಗಾರಕ್ಕ, ಎಂದು ಕೇಳದೆ ಒಳಗೆ ಬರುತ್ತಿರಲಿಲ್ಲ. ನೀರಿನ ಬಣ್ಣ ನೋಡಿ ದಿಬ್ಬ ಎಲ್ಲಿ ಸರಿದಿದೆ ಎಂದು ಹೇಳುವಷ್ಟು ಚುರುಕು ಅವಳಿಗಿತ್ತು.

ಸೆಟ್ಟಿನಲ್ಲಿ ಮಾತಾಡುವ ಕ್ರಮ ಕಲಿಸಿದವನು ನಾನೇ. ಗುಂಡಿ ಒತ್ತಿದರೆ ನಿಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಮೊದಲು ಯಾರನ್ನು ಕರೆಯುತ್ತೀರೋ ಅವರ ಹೆಸರು, ಎರಡು ಸಲ. ಆಮೇಲೆ ವಿಷಯ. ಮುಗಿದ ಮೇಲೆ ಓವರ್. ಈ ಓವರ್ ಯಾರ ನಾಲಿಗೆಗೂ ಹತ್ತಲಿಲ್ಲ.

"ಅದೆಂತಕ್ಕೆ ಮಾರಾಯ," ಎಂದ ಮಾದೇವ. "ನಮ್ಮ ಬದಿ ಮಾತು ಮುಗದ್ರೆ ಆತು ಅಂತ್ರು. ಅದನ್ನೇ ಹೇಳುವ."

ನನಗೆ ಅದು ಬಲು ಚೆಂದ ಕಂಡಿತು. ಓವರ್ ಹೋಗಿ ಆತು ಬಂತು. ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿದೆ: ಮೊದಲು ಹೆಸರು, ಎರಡು ಸಲ. ನಂತರ ವಿಷಯ. ಕೊನೆಗೆ ಆತು. ಬಂಗಾರಿ ಮೂರನೇ ಇಯತ್ತೆವರೆಗೆ ಓದಿದವಳು, ಗಟ್ಟಿಯಾಗಿ ಓದಿ ತಲೆಯಾಡಿಸಿದಳು.

ಆದರೆ ಆ ಕ್ರಮ ಅವಳಿಗೆ ಒಂದು ಕಡೆ ಅಡ್ಡ ಬಂತು. ಗಂಡನ ಹೆಸರು ಹೇಳುವುದು ಹೇಗೆ? ಮದುವೆಯಾಗಿ ಹತ್ತೊಂಬತ್ತು ವರ್ಷ, ಒಂದು ಸಲವೂ ಆ ಹೆಸರು ಅವಳ ಬಾಯಿಂದ ಬಂದದ್ದಿಲ್ಲ. ರೇಷನ್ ಕಾರ್ಡಿನವರು ಬಂದು ಗಂಡನ ಹೆಸರು ಕೇಳಿದರೆ ಮಗಳು ನೇತ್ರಾಳನ್ನು ಕೂಗುತ್ತಿದ್ದಳು. ಮಾದೇವ ದೇವಸ್ಥಾನ ಎಂದು ಊರೆಲ್ಲ ಕರೆಯುವ ಗುಡಿಯನ್ನು ಅವಳು ಲಿಂಗನ ಗುಡಿ ಅನ್ನುತ್ತಿದ್ದಳು. ಅದೇ ಹೆಸರಿನ ಮಂಜುಗಡ್ಡೆ ವ್ಯಾಪಾರಿ ಒಬ್ಬನಿದ್ದ, ಅವನು ಅವಳ ಪಾಲಿಗೆ 'ಅವರ ಹೆಸರಿನವ'. ಹಾಗಾಗಿ ಬೇರೆ ಬೋಟುಗಳಿಗೆಲ್ಲ, ದಾಸ, ದಾಸ, ಬಲಕ್ಕೆ ಹಿಡಕಂಡು ಬಾ, ಆತು, ಎಂದು ಸರಿಯಾಗಿ ಹೇಳುವವಳು ಗಂಡ ಕೇಳಿದಾಗ ಮಾತ್ರ ಹಿಂದೆ ಮುಂದೆ ಏನೂ ಇಲ್ಲದೆ, ಬನ್ನಿ, ಆತು, ಎಂದು ಮುಗಿಸಿಬಿಡುತ್ತಿದ್ದಳು. ಬೋಟುಗಳಲ್ಲಿ ಅದೊಂದು ತಮಾಷೆ. ಹೆಸರಿಲ್ಲದ ಉತ್ತರ ಬಂದರೆ ಅದು ಮಾದೇವನಿಗೆ ಎಂದು ಎಲ್ಲರಿಗೂ ಗೊತ್ತು.

ನಾನೂ ನಕ್ಕೆ. ಅದೇ ನನ್ನ ತಪ್ಪು. ಹೆಸರು ಮೊದಲು ಹೇಳುವುದು ಬರೀ ಮರ್ಯಾದೆಗಲ್ಲ. ಗುಂಡಿ ಪೂರ್ತಿ ಒತ್ತುವ ಮೊದಲೇ ಮಾತು ಶುರುಮಾಡುವುದು ಎಲ್ಲರ ಅಭ್ಯಾಸ, ಆಗ ಮೊದಲ ಶಬ್ದ ಗಾಳಿಗೆ ಏರುವುದೇ ಇಲ್ಲ. ಹೆಸರು ಎರಡು ಸಲ ಇದ್ದರೆ ಒಂದು ಹೋದರೂ ಒಂದು ಉಳಿಯುತ್ತದೆ, ವಿಷಯಕ್ಕೆ ಪೆಟ್ಟಿಲ್ಲ. ಈ ಕಾರಣವನ್ನು ನಾನು ಅವಳಿಗೆ ಹೇಳಲಿಲ್ಲ. ಪದ್ಧತಿ ಎಂದಷ್ಟೇ ಹೇಳಿ ಬಂದೆ. ಎಲ್ಲ ಬಿಡಿಸಿ ಹೇಳಿದರೆ ಇವರಿಗೆ ಎಲ್ಲಿ ಅರ್ಥವಾಗುತ್ತದೆ ಎಂಬ ಸೊಕ್ಕೂ ಸ್ವಲ್ಪ ಇತ್ತು.

ಎರಡು ಸಾವಿರದ ಮೂರು, ನೂಲ ಹುಣ್ಣಿಮೆ ಕಳೆದು ಒಂದು ವಾರ. ಕಡಲಿಗೆ ಪೂಜೆ ಮಾಡಿ ಬೋಟುಗಳು ಇಳಿದಿದ್ದವು. ಅದಕ್ಕೆ ಸ್ವಲ್ಪ ಮೊದಲು ಬಂಗಾರಿ ಪೇಟೆಗೆ ಬಂದವಳು ಅಂಗಡಿಗೂ ಬಂದಿದ್ದಳು.

"ಕೃಷ್ಣಾನಂದಣ್ಣ, ಆ ಮೈಕಿನ ಗುಂಡಿ ಗಟ್ಟಿ ಆಗದೆ. ಎರಡು ಬೆರಳು ಹಾಕಿ ಒತ್ತಬೇಕು."

"ಉಪ್ಪು ಹಿಡದದೆ. ಸೋಮವಾರ ಬೇರೆ ತರ್ತೆ," ಎಂದೆ.

ಸೋಮವಾರ ಹೋಗಲಿಲ್ಲ. ನನ್ನ ಅಂಗಡಿಯ ಸೆಟ್ಟಿನ ಹಳೇ ಮೈಕನ್ನು ಅವಳಿಗೆಂದೇ ಬಿಚ್ಚಿ, ಒಳಗಿನ ಸ್ಪ್ರಿಂಗು ತೊಳೆದು ಮೇಜಿನ ಮೇಲೆ ಹರಡಿಕೊಂಡಿದ್ದೆ. ಅಷ್ಟರಲ್ಲಿ ಟಿವಿ ರಿಪೇರಿಗಳು ಬಂದವು. ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೂ ಅದು ಅಲ್ಲಿಯೇ, ಗುಂಡಿ ಒಂದು ಕಡೆ, ಸುರುಳಿ ತಂತಿ ಒಂದು ಕಡೆ. ಮೇಜಿನ ಮೇಲಿನ ಸೆಟ್ಟಿನಲ್ಲಿ ಬೋಟಿನವರ ಮಾತು ಕೇಳುತ್ತ ನಾನು ಬೆಸುಗೆ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಗಾಳಿ ಎದ್ದು ಅಂಗಡಿಯ ಬಾಗಿಲು ಬಡಿಯಿತು.

ಸೆಟ್ಟಿನಲ್ಲಿ ಮಾದೇವನ ದನಿ. "ಬಂಗಾರಿ, ಬಂಗಾರಿ. ಅಳವೆ ಬಾಯಿ ಹ್ಯಾಂಗದೆ? ಒಳಗೆ ಬರ್ಲಾ? ಆತು."

ಒಂದು ಟಕ್ ಸದ್ದು. ಆಮೇಲೆ ಅವಳ ದನಿ: "ಆತು."

ಅಷ್ಟೇ. ನಾನು ಬೆಸುಗೆ ಮುಂದುವರಿಸಿದೆ. ಅಳವೆ ಸರಿಯಿದೆ ಎಂದುಕೊಂಡೆ. ಮಾದೇವನೂ ಹಾಗೇ ಅಂದುಕೊಂಡ. ಅವಳು ಹೇಳಿದ್ದು, ಬೇಡ, ಆತು, ಎಂದು. ಬೇಡ ಅನ್ನುವುದು ಹೋಗಲಿಲ್ಲ. ಬರಲಾ ಎಂದು ಕೇಳಿದವನಿಗೆ ಆತು ಎಂಬ ಉತ್ತರ ಸಿಕ್ಕಿತ್ತು. ನಮ್ಮ ಕಡೆ ಅದರ ಅರ್ಥ ಒಂದೇ, ಸರಿ, ಬಾ ಎಂದು.

ಒಂದು ನಿಮಿಷ ಆಗಿರಬೇಕು. ಮತ್ತೆ ಬಂಗಾರಿ. "ಬೇಡ, ಬೇಡ. ಹಿಂದೆ ಹೋಗಿ. ದಿಬ್ಬದ ಮೇಲೆ ಒಡೀತದೆ. ಹಿಂದೆ ಹೋಗಿ."  ಅವನ ಬೋಟು ಒಳಕ್ಕೆ ಮುಖ ಮಾಡಿದ್ದು ಅವಳಿಗೆ ಕಾಣುತ್ತಿತ್ತು. ನಾನು ಬೆಸುಗೆ ಕಡ್ಡಿ ಕೆಳಗಿಟ್ಟೆ.

ಮಾದೇವನಿಂದ ಉತ್ತರ ಇಲ್ಲ. ಇರುವುದೂ ಇಲ್ಲ. ಬೋಟಿನ ಸೆಟ್ಟು ದಿನವಿಡೀ ಹತ್ತು ಜನರ ಹರಟೆ ಹೊಡೆಯುತ್ತಿರುತ್ತದೆ. ಇಂಜಿನ್ನಿನ ಸದ್ದಿನಲ್ಲಿ ಚುಕ್ಕಾಣಿ ಹಿಡಿದವನು ಅದಕ್ಕೆಲ್ಲ ಕಿವಿ ಕೊಡುವುದಿಲ್ಲ, ತನ್ನ ಹೆಸರು ಬಿದ್ದರೆ ಮಾತ್ರ ಕೊಡುತ್ತಾನೆ. ಅವನಿಗೆ ಬೇಕಾದ ಉತ್ತರ ಆಗಲೇ ಸಿಕ್ಕಿಯಾಗಿತ್ತು.

ಕೇಳಿಸಿಕೊಂಡವನು ಅವನ ಹಿಂದೆ ದೂರದ ಬೋಟಿನಲ್ಲಿದ್ದ ದಾಸ. ಮಾದೇವ ಅಳವೆಯ ಬಗ್ಗೆ ಕೇಳಿದ್ದು ದಾಸನ ಕಿವಿಗೆ ಬಿದ್ದಿರಲಿಲ್ಲ. "ಯಾರಿಗೆ ಹೇಳ್ತೆ ಬಂಗಾರಕ್ಕ? ನಂಗಾ? ಆತು."

"ನಿಂಗಲ್ಲ. ಅವರಿಗೆ. ಮುಂದೆ ಇದ್ದವರಿಗೆ."

"ಯಾರಿಗೆ? ಗಾಳಿಗೆ ಸಮಾ ಕೇಳೂದಿಲ್ಲ. ಹೆಸರು ಹೇಳು."

ನಾನು ಮೈಕಿಗೆ ಕೈ ಹಾಕಿದೆ. ನನ್ನ ಸೆಟ್ಟಿಗೆ ಇದ್ದ ಮೈಕು ಅದೊಂದೇ, ತುಂಡು ತುಂಡಾಗಿ ಮೇಜಿನ ಮೇಲೆ ಬಿದ್ದಿತ್ತು. ಜೋಡಿಸಲು ಹೋದರೆ ಸ್ಪ್ರಿಂಗು ಹಾರಿ ಎಲ್ಲೋ ಬಿತ್ತು. ಮಂಡಿಯೂರಿ ನೆಲ ತಡಕಿದೆ. ಆ ಹೊತ್ತು ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

  ನಾನು ನೆಲದ ಮೇಲಿದ್ದಾಗಲೇ ಸೆಟ್ಟು ಟಕ್ ಎಂದಿತು.

"ಮಾದೇವ. ಮಾದೇವ."

ಅವಳ ದನಿ ಎಂದು ಗುರುತಿಸಲು ಒಂದು ಕ್ಷಣ ಬೇಕಾಯಿತು. ಮೆಲ್ಲಗೆ, ಆ ಶಬ್ದದ ಅಭ್ಯಾಸವೇ ಇಲ್ಲದವರು ಹೇಳುವ ಹಾಗಿತ್ತು. ಆಮೇಲೆ ಇನ್ನೇನೋ ಹೇಳಿದಳು, ಬರೀ ಕರಕರ. 

ಅಂಗಡಿಯ ಬಾಗಿಲನ್ನೂ ಹಾಕದೆ ನನ್ನ ಎಂ-ಎಯ್ಟಿ ಬೈಕು ಏರಿ ಹೊರಟೆ. ಶರಾವತಿಯ ಸೇತುವೆಯ ಮೇಲೆ ಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಎಡಬಲ ನೋಡುವ ಧೈರ್ಯ ಇರಲಿಲ್ಲ, ಮಗುಚಿದ ಬೋಟು ಎಲ್ಲಿ ಕಾಣುವುದೋ ಎಂದು.

ಬಂಗಾರಿ ಶೆಡ್ಡಿನ ಹೊಸ್ತಿಲಲ್ಲಿ ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಒಣಹಾಕಿದ ಮೀನನ್ನು ಕಾಗೆಗಳು ಎಳೆದಾಡುತ್ತಿದ್ದವು, ಓಡಿಸುವವರಿಲ್ಲ. ಅವಳು ಕೈ ತೋರಿಸಿದ ಕಡೆ ನೋಡಿದೆ. ದಿಬ್ಬದ ಮೇಲೆ ಬಿಳಿ ನೊರೆ ಗೋಡೆಯ ಹಾಗೆ ಎದ್ದು ಬೀಳುತ್ತಿತ್ತು. ಅದರಾಚೆ, ಬಹಳ ಆಚೆ, ಮಾದೇವನ ಬೋಟು ಪಡುವಣಕ್ಕೆ ಮುಖ ಮಾಡಿ ಅಲ್ಲಾಡುತ್ತಿತ್ತು. ಪಕ್ಕದಲ್ಲೇ ದಾಸನದ್ದು. 

"ತಪ್ಪು ಮಾಡಿದೆ ಕೃಷ್ಣಾನಂದಣ್ಣ," ಎಂದಳು. "ಅವರ ಹೆಸರು ಹೇಳಿದ್ದು ಎಲ್ಲಾ ಬೋಟಿನವ್ರೂ ಕೇಳಿದ್ರು."

ತಪ್ಪು ನಿನ್ನದಲ್ಲ, ನನ್ನದು ಎಂದೆ. ಗುಂಡಿ, ಮೊದಲ ಶಬ್ದ, ಎಲ್ಲವನ್ನೂ ಎರಡು ವರ್ಷ ತಡವಾಗಿ ಹೇಳಿದೆ. ಅವಳು ಪೂರ್ತಿ ಕೇಳಿದಳು. "ಅದನ್ನ ಆಗ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?" ಎಂದಳು. ನಾನು ಮೀನಿನ ಮೇಲಿನ ಕಾಗೆ ಓಡಿಸಲು ಹೋದೆ.

ಗಾಳಿ ಇಳಿದು, ಭರತದ ನೀರು ಏರಿದ ಮೇಲೆ, ಸೂರ್ಯ ಮುಳುಗುವ ಮುಂಚೆ ಎರಡೂ ಬೋಟು ಒಳಗೆ ಬಂದವು. ಬಂಗಾರಿ ಅಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತು ಮನೆಗೆ ಹೋಗಿಬಿಟ್ಟಿದ್ದಳು. ಗಂಡನ ಮುಖ ನೋಡಲು ನಾಚಿಕೆ. ಮಾದೇವ ಹಗ್ಗ ಕಟ್ಟಿ ಬಂದು ನನ್ನ ಪಕ್ಕ ನಿಂತು ಬೀಡಿ ಹಚ್ಚಿದ. ಕಡ್ಡಿ ಮೂರು ಸಲ ಆರಿತು.

"ಹಿಂದೆ ಹೋಗಿ ಅಂದದ್ದು ಕಡೀಗಾದ್ರೂ ಕೇಳ್ತಲ್ಲ, ಪುಣ್ಯ," ಎಂದೆ.

"ಇಲ್ಲ," ಎಂದ. "ಹಿಂದೆ ಅಂದದ್ದೂ ಕೇಳ್ಲಿಲ್ಲ, ದಿಬ್ಬ ಅಂದದ್ದೂ ಕೇಳ್ಲಿಲ್ಲ. ಹೆಸರು ಮಾತ್ರ ಕೇಳ್ತು."

"ಮತ್ತೆ ಹ್ಯಾಂಗೆ ತಿರುಗಿಸಿದೆ?"

"ಅವಳು ನನ್ನ ಹೆಸರು ಹಿಡದು ಕರದ್ಲು ಅಂದ್ರೆ ಮುಂದೆ ಸಾವೇ ಇರಬೇಕಲ. ಎಂತ ಅಂತ ಕೇಳೂಕೆ ನಿಲ್ಲಲಿಲ್ಲ. ಚುಕ್ಕಾಣಿ ತಿರುಗಿಸಿಬಿಟ್ಟೆ."

ಮರುದಿನ ಬೆಳಿಗ್ಗೆಯೇ ಹೊಸ ಮೈಕು ಹಾಕಿ, ಗುಂಡಿಗೆ ರಬ್ಬರಿನ ಹೊದಿಕೆ ಸುತ್ತಿ ಬಂದೆ. ರಟ್ಟಿನ ಮೇಲೆ ಕಾರಣವನ್ನೂ ಬರೆದೆ: ಗುಂಡಿ ಒತ್ತಿ, ಒಂದು ಉಸಿರು ತೆಗೆದು, ಆಮೇಲೆ ಮಾತು. ಆ ದಿನದಿಂದ ಬಂಗಾರಿ ಗಂಡನಿಗೂ ಕ್ರಮ ಬಿಡಲಿಲ್ಲ. ನೇತ್ರಾನ ಅಪ್ಪ, ನೇತ್ರಾನ ಅಪ್ಪ, ಎಂದು ಎರಡು ಸಲ ಕರೆದೇ ವಿಷಯಕ್ಕೆ ಬರುತ್ತಿದ್ದಳು. ಬೋಟಿನವರು ಮೊದಲು ಕಾಡಿದರು, ಆಮೇಲೆ ಅವರೂ ಅವನನ್ನು ಹಾಗೇ ಕರೆಯತೊಡಗಿದರು. ಆರೇಳು ವರ್ಷ ಅವಳು ಆ ಸೆಟ್ಟಿನ ಎದುರು ಕೂತಳು. ಎಷ್ಟು ಬೋಟುಗಳನ್ನು ಒಳಗೆ ಕರೆದಳೋ, ಎಷ್ಟನ್ನು ಹೊರಗೆ ನಿಲ್ಲಿಸಿದಳೋ, ಬರೆದಿಟ್ಟವರಿಲ್ಲ.

ಒಂದು ಸಲ ನಾನು ಬ್ಯಾಟರಿ ನೋಡಲು ಹೋದವನು ಸುಮ್ಮನಿರಲಾರದೆ ಹೇಳಿದೆ. ಒಮ್ಮೆ ಹೇಳಿಯಾಯಿತಲ್ಲ, ಇನ್ನು ಹೆಸರನ್ನೇ ಕರೆದರೆ ಏನಾಗುತ್ತದೆ, ಅದು ಚಿಕ್ಕದು, ಬೇಗ ಕೇಳುತ್ತದೆ ಎಂದು. ಅವಳು ನಕ್ಕು ಮೀನು ಮಗುಚಲು ಹೋದಳು. ಬಲೆ ಹೊಲಿಯುತ್ತ ಕೂತಿದ್ದ ಮಾದೇವ ತಲೆ ಎತ್ತಿದ.

"ಅವಳಿಗೆ ಅದೊಂದು ಕಲಿಸೂಕೆ ಹೋಗಬೇಡ ಮಾರಾಯ," ಎಂದ. "ದಿನಾ ಕರದ್ರೆ ನಾ ತಿರುಗಿ ನೋಡೂದಿಲ್ಲ. ಆ ಹೆಸರು ಅವಳ ಹತ್ರವೇ ಇರ್ಲಿ. ಇನ್ನೊಂದ್ಸಲ ಬೇಕಾದ್ರೆ?"