ಸೀಟಿಗೆ ಸುರಿದ ನೀರು

"ಕುಂತ್ ನೋಡ್ದೆ ಸರಿಗೈತೆ ಅಂತ ಎಂಗೇಳ್ಲಿ ಸಾ?" ಹೊಳೆನರಸೀಪುರದಲ್ಲಿ ಮೋಟಾರ್ ಸೈಕಲ್ಲಿಗೆ ಸೀಟು ಹೊಲಿಯುತ್ತಿದ್ದವನ ಮಾತು ಅದೊಂದೇ. ತೆಂಗಿನ ನಾರು ತುಂಬಿ, ತೊಗಲು ಬಿಗಿದು, ತಾನೇ ಹತ್ತಿ ಕೂತು, ಕೈ ಚಾಚಿ ಬಿಗಿಹಿಡಿಯಬೇಕಾಗದಂತೆ ಹ್ಯಾಂಡಲ್ಲನ್ನು ಎದೆಯತ್ತ ವಾಲಿಸಿ ಬೋಲ್ಟು ಬಿಗಿಯುತ್ತಿದ್ದ. ಆಮೇಲೆ ಹಾಸನಕ್ಕೆ ಹೋಗಿಬಂದರೂ ಸೊಂಟ ನೋಯುತ್ತಿರಲಿಲ್ಲ.

ನಮ್ಮ ದೊಡ್ಡಪ್ಪನ ಗಾಡಿಯ ಮೇಲೂ ಹಾಗೇ ಕೂತ. ಹೊಲಿಯುವಾಗ ಇಲ್ಲದ ಮೈಲಿಗೆ, ಅವನ ಜಾತಿಯವರು ಕೂತರೆ ಬರುತ್ತದಂತೆ! ದೊಡ್ಡಪ್ಪ ಮನೆಗೆ ಬಂದವರೇ ಸೀಟಿಗೆ ಎರಡು ಕೊಡ ನೀರು ಸುರಿದರು. ನಾರು ನೀರು ಕುಡಿದು ಗಂಟುಕಟ್ಟಿತು. ಅರಕಲಗೂಡಿಗೆ ಹೋಗಿಬಂದು ಸೊಂಟ ಹಿಡಿದುಕೊಂಡ ದೊಡ್ಡಪ್ಪ, ನನ್ನನ್ನೂ ಕರೆದುಕೊಂಡು ಅವನ ಅಂಗಡಿಗೆ ಹೋಗಿ, ಅವನ ಮೇಲೆಯೇ ರೇಗಿದರು: "ಏನ್ಲಾ ತುಂಬಿದ್ದೀಯ ಇದಕ್ಕೆ, ಕಲ್ಲಾ?"

ಅವನು ಹೊಲಿಗೆ ಬಿಚ್ಚಿ, ಒದ್ದೆ ನಾರನ್ನು ಮೂಸಿ, "ತೊಳುದ್ರಾ ಸಾ?" ಎಂದ. ದೊಡ್ಡಪ್ಪ ರಸ್ತೆಯ ಕಡೆ ಮುಖ ತಿರುಗಿಸಿದರು. ಪಕ್ಕದಲ್ಲಿದ್ದ ನಾನೂ.

ಹೊಸ ನಾರು ತುಂಬಿ ಹೊಲಿದ. ಆಮೇಲೆ ದೊಡ್ಡಪ್ಪನ ಕಣ್ಣೆದುರೇ, ಎಂದಿಗಿಂತ ಹೆಚ್ಚು ಹೊತ್ತು, ಅದರ ಮೇಲೆ ಕೂತ.