ಹೆಚ್ಚಿಗೆ ಒಂದು ಚೀಟಿ

ಟೀಚರ ಬಲಗೈ ಹೆಬ್ಬೆರಳ ಉಗುರು ನಡುವೆ ಸೀಳಿತ್ತು. ಎಡಗೈಯದೇ ಇರಬಹುದು, ನನ್ನ ನೆನಪಿಗೆ ಎಲ್ಲವನ್ನೂ ತನಗೆ ಬೇಕಾದಂತೆ ಜೋಡಿಸಿಕೊಳ್ಳುವ ಚಟವಿದೆ. ಆ ಉಗುರಿನಿಂದ ಒತ್ತಿ ಅವರು ವಾಗ್ದಾನದ ಚೀಟಿಗಳನ್ನು ಮಡಚುತ್ತಿದ್ದರು. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಮೂಡುಬಿದಿರೆಯ ನಮ್ಮ ಚರ್ಚಿನಲ್ಲಿ ಒಬ್ಬೊಬ್ಬರೂ ಡಬ್ಬಿಗೆ ಕೈಹಾಕಿ ಒಂದು ಚೀಟಿ ಎತ್ತುವುದು ರೂಢಿ. ಅದರಲ್ಲಿರುವ ಬೈಬಲಿನ ವಚನ ಆ ವರ್ಷಕ್ಕೆ ಅವರದು. ಬಾರದವರದನ್ನು ಮನೆಯವರು ಎತ್ತುವರು. ಸಭೆಯ ಪಟ್ಟಿ ನೋಡಿ, ತಲೆಗೊಂದರಂತೆ, ಎಲ್ಲವನ್ನೂ ಟೀಚರೇ ಬರೆಯುತ್ತಿದ್ದರು. ಮುದ್ರಿಸಿದ ಕಾರ್ಡು ತರಿಸುವ ಎಂದರೆ, "ಅದರಲ್ಲಿ ವಚನಕ್ಕಿಂತ ಗುಲಾಬಿ ಹೂವೇ ಜಾಸ್ತಿ" ಎನ್ನುವರು.

ಶಾಲೆಯಲ್ಲಿ ಅಣ್ಣನಿಗೂ ನನಗೂ ಕನ್ನಡ ಕಲಿಸಿದವರು ಅವರು. ಅಣ್ಣ ಮುಂದೆ ಕುಡಿತಕ್ಕೆ ಬಿದ್ದ, ಚರ್ಚು ಬಿಟ್ಟ. ಒಂದು ನವೆಂಬರಿನಲ್ಲಿ ಬಂಟ್ವಾಳದ ಆಸ್ಪತ್ರೆಯಲ್ಲಿ, ಪ್ರಾರ್ಥಿಸಲು ಬಂದ ಸಭಾಪಾಲಕರಿಗೆ ಬೆನ್ನು ತಿರುಗಿಸಿ ಮಲಗಿದವನು ಹಾಗೆಯೇ ತೀರಿಕೊಂಡ. ಮರುತಿಂಗಳು ಬೆಳ್ತಂಗಡಿ ಕಡೆಯಿಂದ ಬಂದ ಪ್ರಸಂಗಿಯೊಬ್ಬರು, ದೇವರು ಕೆಲವರನ್ನು ರಕ್ಷಣೆಗೆ, ಕೆಲವರನ್ನು ನಾಶಕ್ಕೆ ಹುಟ್ಟುವ ಮೊದಲೇ ಗೊತ್ತುಮಾಡಿದ್ದಾನೆ, ಸತ್ಯವೇದದಲ್ಲೇ ಇದೆ ಎಂದರು. ಅಂದಿನಿಂದ ಅಮ್ಮ ಸರಿಯಾಗಿ ಉಣ್ಣಲಿಲ್ಲ. ನಾನು ಬೈಬಲ್ ಹಿಡಿದು ಟೀಚರ ಮನೆಗೆ ಹೋದೆ.

ನಾವು ತುಳುವಿನಲ್ಲಿ ಮಾತನಾಡುವವರು. ಬೈಬಲ್ ತೆರೆದರೆ ಮಾತ್ರ ಟೀಚರು ಕನ್ನಡಕ್ಕೆ ಬರುತ್ತಿದ್ದರು.

"ಹಾಗೆ ಉಂಟಾ ಟೀಚರ್?"

"ಅವಳಿ ಮಕ್ಕಳಲ್ಲಿ ಯಾಕೋಬ ಬೇಕು, ಏಸಾವ ಬೇಡ ಅಂತ ಹುಟ್ಟುವ ಮೊದಲೇ ಉಂಟು. ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಒಬ್ಬನೂ ನಾಶ ಆಗುವುದು ದೇವರಿಗೆ ಬೇಡ ಅಂತಲೂ ಉಂಟು. ಎರಡನ್ನೂ ಸೇರಿಸಿ ಒಂದು ಉತ್ತರ ಮಾಡ್ಲಿಕ್ಕೆ ನನಗೆ ಬರುವುದಿಲ್ಲ ಮಾರಾಯ. ಆ ಪ್ರಸಂಗಿಗೆ ಬರ್ತದೆ. ಚಿಕ್ಕ ಪ್ರಾಯ."

"ಅಮ್ಮನಿಗೆ ಏನು ಹೇಳ್ಲಿ?"

ಮಡಚಿದ ಚೀಟಿಯನ್ನೇ ಅವರು ಮತ್ತೆ ಮಡಚಿದರು. "ನಿನ್ನ ಅಣ್ಣನ ವಿಷಯ ಮೊದಲೇ ತೀರ್ಮಾನ ಮಾಡಿದ್ದು ನಾನು. ಏಳನೇ ಕ್ಲಾಸಿನಲ್ಲಿ, ಎಲ್ಲರ ಎದುರು, ಇವ ಉದ್ಧಾರ ಆಗುವ ಜನ ಅಲ್ಲ ಅಂದೆ. ಅವ ನಗಾಡಿದ. ಅದನ್ನು ಅಮ್ಮನಿಗೆ ಹೇಳು. ಬೇಡ, ನಾನೇ ಬರ್ತೇನೆ."

ಬಂದರು. ಅಡುಗೆಮನೆಯಲ್ಲಿ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಇಬ್ಬರೂ ಗಂಜಿ ಉಂಡರು. ಅಣ್ಣ ಆ ಮಾತನ್ನು ಯಾವತ್ತೂ ನಮ್ಮೆದುರು ಎತ್ತಿರಲಿಲ್ಲ. ತಾಯಿಯೊಬ್ಬಳ ಭಾರ ಇಳಿಸಲು ಟೀಚರು ಅದನ್ನು ಕಟ್ಟಿ ಹೇಳಿರಲೂಬಹುದು. ಈಗ ಕೇಳಲು ಅಣ್ಣನೂ ಇಲ್ಲ, ಟೀಚರೂ ಇಲ್ಲ.

ಆ ಹೊಸ ವರ್ಷ ಎಲ್ಲರೂ ಎತ್ತಿದ ಮೇಲೂ ಡಬ್ಬಿಯಲ್ಲಿ ಒಂದು ಚೀಟಿ ಉಳಿದಿತ್ತು. ಲೆಕ್ಕ ತಪ್ಪಿತಾ ಎಂದು ಕೇಳಿದೆ.

"ಹೆಸರು ಹೊಡೆದುಹಾಕುವ ಕೆಲಸ ಒಮ್ಮೆ ಮಾಡಿದ್ದೇನೆ," ಎಂದರು ಟೀಚರು. "ಸಾಕು."

ಅವರು ತೀರಿಹೋಗಿ ಒಂದು ವರ್ಷವೂ ತುಂಬಿಲ್ಲ. ಚೀಟಿ ಬರೆಯುವುದು ಈಗ ನನ್ನ ಪಾಲಿಗೆ ಬಂದಿದೆ. ಅಕ್ಷರ ಓದಲಾಗುವುದಿಲ್ಲ ಎಂಬ ದೂರೂ ಇದೆ. ಈ ಸಲ ಡಬ್ಬಿಯಲ್ಲಿ ಎರಡು ಉಳಿದವು. ಲೆಕ್ಕ ತಪ್ಪಿತೇ ಎಂದು ಸಭಾಪಾಲಕರು ಕೇಳಿದರು.

ಇಲ್ಲ ಎಂದೆ.