ರೇಣುಕಾಳ ಕಾಲಿನೊಂದಿಗೆ ವಿಜಯಪುರಕ್ಕೆ

ಬೆಳಗಿನ ಬಸ್ಸು ಮುದ್ದೇಬಿಹಾಳದ ನಿಲ್ದಾಣವನ್ನು ಬಿಟ್ಟಾಗ ನಾವು ಮೂವರಿದ್ದೆವು: ನಾನು, ನೆರೆಮನೆಯ ಶಾಂತವ್ವ, ಆಕೆಯ ಒಂಬತ್ತು ವರ್ಷದ ಮೊಮ್ಮಗಳು ರೇಣುಕಾ. ಮಗುವಿನ ತಾಯಿ ಬಾಣಂತಿ. ತಂದೆಗೆ ಆಲಮಟ್ಟಿಯ ಕಾಲುವೆಯ ಮೇಲೆ ಪಾಳಿ. ಶಾಲೆಯ ನೌಕರಿಯಿಂದ ಸ್ವಯಂನಿವೃತ್ತಿ ಪಡೆದ ಮೇಲೆ ಓಣಿಯವರ ಆಸ್ಪತ್ರೆಯ ಓಡಾಟಕ್ಕೆ ಜೊತೆಯಾಗುವುದು ನನ್ನ ಪಾಲಿಗೆ ಬಂದಿದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಾದ್ದರಿಂದ ಆಧಾರ್ ಕಾರ್ಡುಗಳನ್ನು ತೋರಿಸಿ ಕುಳಿತೆವು.

ದೀಪಾವಳಿಯಿಂದಲೂ ರೇಣುಕಾ ಬಲಗಾಲನ್ನು ಎಳೆದು ನಡೆಯುತ್ತಿದ್ದಳು. ಜ್ವರವಿರಲಿಲ್ಲ, ಗಾಯವಿರಲಿಲ್ಲ, ಮೊಣಕಾಲಿನ ಕೆಳಗೆ ಸಣ್ಣ ಬಾವು, ಬಂದು ಹೋಗುವ ನೋವು. ಉಳುಕೆಂದು ತಿಳಿದು ಎಣ್ಣೆ ತಿಕ್ಕಿಸಿದ್ದರು. ಕೊನೆಗೆ ತೆಗೆಸಿದ ಎಕ್ಸ್‌ರೇಯಲ್ಲಿ ಎಲುಬಿನ ತುದಿಯೊಳಗೆ ಶೇಂಗಾಬೀಜದಷ್ಟು ಕಪ್ಪು ಗೂಡೊಂದು ಕಂಡಿತು. ಸೋಂಕಿರಬಹುದು, ಗಡ್ಡೆಯೂ ಇರಬಹುದು, ಇಲ್ಲಿ ನಿರ್ಧರಿಸಲಾಗದು ಎಂದು ಊರಿನ ವೈದ್ಯರು ವಿಜಯಪುರಕ್ಕೆ ಚೀಟಿ ಬರೆದುಕೊಟ್ಟರು. ಗಡ್ಡೆಯೆಂದರೆ ಕ್ಯಾನ್ಸರ್ ಎಂದು ಶಾಂತವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡೂ ಬದಿಗೆ ಎರೆಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿತ್ತು. ಕಿಟಕಿಯಿಂದ ಚಳಿಗಾಳಿ ನುಗ್ಗುತ್ತಿತ್ತು. ಸೀಟುಗಳ ನಡುವಿನ ಹಾದಿಗೆ ಅಡ್ಡವಾಗಿ ಚಾಚಿದ್ದ ರೇಣುಕಾಳ ಕಾಲನ್ನು ಕಂಡಕ್ಟರ್ ನೋಡಿದ.

“ಏನವಾ ಸಾವಕಾರ್ತಿ, ಕಾಲಿಗೆ ಬ್ಯಾರೆ ಸೀಟ್ ಬೇಕೇನ?”

“ಕಾಲಿಗೂ ಫ್ರೀ ಐತಲ್ರಿ,” ಎಂದಳು ಹುಡುಗಿ.

ಬಸ್ಸಿಡೀ ನಕ್ಕಿತು. ಶಾಂತವ್ವ ನಗಲಿಲ್ಲ. ಬಸವನ ಬಾಗೇವಾಡಿಯಲ್ಲಿ ಚಹಾ ಕುಡಿದು, ಮಿರ್ಚಿ ಮತ್ತು ಚುರುಮುರಿ ಕಟ್ಟಿಸಿಕೊಂಡೆವು. ಆಕೆ ಅವನ್ನು ಮುಟ್ಟಲಿಲ್ಲ. ಅಲ್ಲಿಂದ ವಿಜಯಪುರಕ್ಕೆ ಒಂದು ಗಂಟೆಯ ದಾರಿ.

ಆಸ್ಪತ್ರೆಯ ಎಲುಬಿನ ವೈದ್ಯರು ಸಿಂದಗಿಯ ಕಡೆಯವರು. ರಕ್ತಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಎಂಆರ್‌ಐಯಲ್ಲಿಯೂ ಸಂಶಯ ಪೂರ್ತಿ ಹರಿಯಲಿಲ್ಲ. ಜ್ವರವೇ ಇಲ್ಲದೆ ಸೋಂಕು ಹೇಗೆ ಸಾಧ್ಯವೆಂದು ನಾನು ಕೇಳಿದೆ.

“ಎಲ್ಲಾ ಕಳ್ಳರೂ ಬಾಗಲಾ ಒದ್ದ ಬರೂದಿಲ್ರಿ ಟೀಚರ್. ಕೆಲವು ಬಾಡಿಗಿ ಹಿಡದಂಗ ಎಲುಬಿನ್ಯಾಗ ಸುಮ್ನ ಕುಂತಬಿಡ್ತಾವ. ಮೈ ಅದರ ಸುತ್ತ ಗ್ವಾಡಿ ಕಟ್ಟತೈತಿ. ನಾಳೆ ಒಂದ್ ತುಣುಕು ತಗದು ಎರಡು ಕಡೆ ಕಳಸ್ತೇವಿ. ಒಂದು ಕ್ಯಾನ್ಸರ್ ನೋಡಾಕ, ಒಂದು ಕೀಟಾಣು ಬೆಳಸಾಕ.” ಬಳಿಕ ಅಜ್ಜಿಯ ಕಡೆಗೆ ತಿರುಗಿದರು. “ಗುಳಿಗಿ ಏನರ ಕೊಟ್ಟೀರೇನಬೇ? ಆಂಟಿಬಯಾಟಿಕ್ ಮೈಯಾಗಿದ್ರ ಕೀಟಾಣು ಬೆಳಿಯೂದಿಲ್ಲ. ಆಮ್ಯಾಲ ಔಷಧಕ್ಕ ಕತ್ತಲದಾಗ ತಡಕಾಡಬೇಕಾಗತೈತಿ.”

“ಏನೂ ಇಲ್ರಿ,” ಎಂದಳು ಶಾಂತವ್ವ.

ಮನೆಯಲ್ಲಿ ಮಾಡಿದ ಮದ್ದನ್ನು ಡಾಕ್ಟರರ ಮುಂದೆ ಹೇಳಬಾರದು, ಹೇಳಿದರೆ ಬೈಯುತ್ತಾರೆ ಎಂಬುದು ನಮ್ಮ ಕಡೆಯ ರೂಢಿ. ಹೊರಗಿನ ಬೆಂಚಿನಲ್ಲಿ ಕುಳಿತ ಮೇಲೆ ಆಕೆ ಎಲೆಅಡಿಕೆಯ ಸಂಚಿಯಿಂದ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಯನ್ನು ತೆಗೆದಳು. ತನ್ನ ಕುರುವಿಗೆ ತಂದು ಉಳಿದಿದ್ದ ಆಂಟಿಬಯಾಟಿಕ್ ಅದು.

“ಬ್ಯಾನಿ ಬಂದಾಗ ಒಂದು ಕೊಡತಿದ್ನಿರಿ. ಇಳೀತಿತ್ತು, ಬಿಡತಿದ್ನಿ. ನಿನ್ನೇನೂ ಕೊಟ್ಟೇನಿ.”

“ಹಾಂಗಾದ್ರ ಒಳಗ ಹೋಗಿ ಹೇಳ್ರಿ,” ಎಂದೆ.

“ಬೈತಾರ.”

“ಬೈಲಿ.”

ಆಕೆ ಗುಳಿಗೆಯ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಸೆರಗು ಬಿಗಿದುಕೊಂಡು ಒಬ್ಬಳೇ ಒಳಗೆ ಹೋದಳು. ಬಾಗಿಲ ಸಂದಿನಿಂದ ವೈದ್ಯರ ದನಿ ಕೇಳಿಸಿತು: “ಬೈಯೂದು ಆಮ್ಯಾಲ. ಈಗರ ಹೇಳಿದ್ದು ಭಾಳ ಚಲೋ ಆತು.” ಕೂಸಿನ ಸ್ಥಿತಿ ಕಾಯಲು ತಕ್ಕಂತಿದ್ದುದರಿಂದ, ಔಷಧದ ಅಂಶ ಮೈಯಿಂದ ಇಳಿಯಲೆಂದು ಮಾದರಿ ತೆಗೆಯುವುದನ್ನು ಮುಂದೂಡಿದರು.

ನನ್ನ ಸೋದರತ್ತೆಯ ಮನೆಯಲ್ಲಿ ಉಳಿದೆವು. ಅರ್ಧಕ್ಕೆ ಬಿಟ್ಟ ಗುಳಿಗೆ ರೋಗವನ್ನು ಕೊಲ್ಲದೆ, ಅದರ ಗುರುತನ್ನಷ್ಟೇ ಅಳಿಸುತ್ತದೆ ಎಂಬುದನ್ನು ಆ ದಿನಗಳಲ್ಲಿ ನಾನು ತಿಳಿದೆ. ಮಾಳಿಗೆಯಿಂದ ಗೋಳಗುಮ್ಮಟ ಕಾಣುತ್ತಿತ್ತು. “ಅದರ ಎಕ್ಸ್‌ರೇ ತಗದ್ರ ಒಳಗ ಕರ್ರಗ ಕಾಣತೈತೇನ್ರಿ?” ಎಂದು ರೇಣುಕಾ ಕೇಳಿದಳು. ಕಾಣಬಹುದೆಂದೆ. ಶಾಂತವ್ವ ಮಾತ್ರ ಊಟಕ್ಕೆ ಕುಳಿತರೂ ಎದ್ದರೂ ಗಡ್ಡೆಯ ವಿಷಯವನ್ನೇ ಕೇಳುತ್ತಿದ್ದಳು.

ರೇಣುಕಾಳ ತಂದೆ ಬಂದು ಶಸ್ತ್ರಕ್ರಿಯೆಗೆ ಒಪ್ಪಿಗೆಯ ಸಹಿ ಹಾಕಿದ. ಗೂಡನ್ನು ಕೆರೆದಾಗ ಕೀವು ಸಿಕ್ಕಿತೆಂದು ವೈದ್ಯರು ಹೇಳಿದರು. ಆದರೂ ವರದಿಗಳು ಬರುವವರೆಗೆ ಖಚಿತವಾಗಿ ಏನನ್ನೂ ಹೇಳಲು ಒಪ್ಪಲಿಲ್ಲ. ಅವು ಬಂದವು. ಕ್ಯಾನ್ಸರ್ ಇರಲಿಲ್ಲ. ಕೀಟಾಣು ಬೆಳೆದಿತ್ತು, ಅದಕ್ಕೆ ನಾಟುವ ಔಷಧವೂ ಗೊತ್ತಾಗಿತ್ತು. ನೋವು ಹೋದರೂ ವಾರಗಟ್ಟಲೆ ಗುಳಿಗೆಯನ್ನು ತಪ್ಪಿಸಬಾರದು, ಎಲುಬು ತುಂಬಿಕೊಳ್ಳುವವರೆಗೆ ಓಡಬಾರದು ಎಂದರು. ತಂದೆ ಪಾಳಿಗೆ ಮರಳಿದ.

ಮರಳುವ ಬಸ್ಸಿನಲ್ಲಿ ಪಟ್ಟಿ ಕಟ್ಟಿದ ಕಾಲನ್ನು ನನ್ನ ತೊಡೆಯ ಮೇಲೆ ಚಾಚಿ, ರೇಣುಕಾ ಕಿಟಕಿಯ ಬಳಿ ಕುಳಿತಳು. ವಿಜಯಪುರ ದಾಟುವ ಮೊದಲೇ ಶಾಂತವ್ವ ಮುಂದಿನ ಸೀಟಿನ ಕಂಬಿಗೆ ತಲೆಯಾನಿಸಿ ನಿದ್ದೆಹೋದಳು. ಬಾಯಿ ತೆರೆದಿತ್ತು, ಗೊರಕೆ ಎಂಜಿನ್ನಿನ ಸದ್ದನ್ನೂ ಮೀರಿತ್ತು. ಸೆರಗು ಜಾರಿದ್ದನ್ನು ಕಂಡು, ಎಬ್ಬಿಸಲೆಂದು ನಾನು ಕೈ ಚಾಚಿದೆ.

ರೇಣುಕಾ ನನ್ನ ಕೈ ಹಿಡಿದಳು.

“ಬ್ಯಾಡ್ರಿ ಟೀಚರ್. ನಾ ಸಾಯ್ತೇನಿ ಅಂತ ಇಷ್ಟ ದಿನಾ ಮುದಿಕಿ ಮಕ್ಕೊಂಡಿದ್ದಿಲ್ಲ.”